ಬೆಳಕಿಂಡಿ ಮುಚ್ಚಿದ ಮೇಲೆ

ರಾಯಚೂರು ಸೀಮೆಯ ನಮ್ಮ ಅಜ್ಜಿಯ ಮಾಳಿಗೆ ಮನೆಗೆ ಇದ್ದ ಕಿಟಕಿಗಳು ಎರಡೇ, ಅವೂ ಮೊಳದಗಲದವು. ಏಪ್ರಿಲ್ ಮಧ್ಯಾಹ್ನ ಅಂಗಳದ ಮಣ್ಣು ಅಂಗಾಲು ಸುಡುವ ಹೊತ್ತಿನಲ್ಲಿ ನಾವು ಪಡಸಾಲೆಯ ನೆಲದ ಮೇಲೆ ಉರುಳಿಕೊಂಡು ನಿದ್ದೆ ಹೋಗುತ್ತಿದ್ದೆವು. ದಪ್ಪನೆಯ ಮಣ್ಣುಗೋಡೆ ಬಿಸಿಲನ್ನು ತಡೆಯುತ್ತದೆಂಬುದು ಸರಿ. ಆದರೆ ಒಲೆಯ ಹೊಗೆ, ಹತ್ತು ಜನರ ಉಸಿರು, ಸಂಜೆಗೆ ಗೋಡೆಯೇ ಹೊರಬಿಡುವ ಕಾವು ಎಲ್ಲಿ ಹೋಗುತ್ತಿದ್ದವು? ತಲೆ ಎತ್ತಿದರೆ ಕಾಣುತ್ತಿತ್ತು: ಮಾಳಿಗೆಯ ನಡುವೆ ಬಿಟ್ಟ ಬೆಳಕಿಂಡಿ. ಮಳೆ ಹನಿ ಬಿದ್ದರೆ ಓಡಿಹೋಗಿ ಅದರ ಮೇಲೆ ಪರಸಿ ಕಲ್ಲು ಎಳೆಯುವುದು ನಮ್ಮ ಪಾಲಿನ ಕೆಲಸ.

ಬೆಳಕಿನ ಹೆಸರು ಹೊತ್ತ ಆ ಕಿಂಡಿಗೆ ಇನ್ನೊಂದು ಕೆಲಸವಿತ್ತು. ಕಾದ ಗಾಳಿ ಹಗುರಾಗಿ ಮೇಲೇರುತ್ತದೆ. ಮೇಲೆ ದಾರಿಯಿದ್ದರೆ ಹೊರಬೀಳುತ್ತದೆ, ಅದು ತೆರವು ಮಾಡಿದ ಜಾಗಕ್ಕೆ ಕೆಳಗಿನ ಬಾಗಿಲಿನಿಂದ ಹೊಸ ಗಾಳಿ ಬರುತ್ತದೆ. ಹೊರಗೆ ಒಂದೆಲೆ ಅಲುಗದಿದ್ದರೂ ಇದು ನಡೆಯುತ್ತದೆ. ಒಳಹೊರಗಿನ ಉಷ್ಣತೆಯ ಅಂತರ ಮತ್ತು ಎರಡು ದಾರಿಗಳ ಎತ್ತರದ ಅಂತರ ಹೆಚ್ಚಿದಷ್ಟೂ ಸೆಳೆತ ಜೋರು. ಮೈಸೂರು ಕಡೆಯ ತೊಟ್ಟಿ ಮನೆಯ ನಡುವಿನ ಬಯಲೂ ಗಾಳಿಗೆ ಇಂಥದೇ ದಾರಿ.

ಈಗ ಬೆಂಗಳೂರಿನ 30×40 ಸೈಟಿನ ಮನೆಯೊಂದನ್ನು ನೋಡಿ. ಕಿಟಕಿಗಳೇನೋ ದೊಡ್ಡವೇ. ಆದರೆ ಅವು ಏಳು ಅಡಿಯ ಲಿಂಟಲ್‌ಗೆ ಮುಗಿಯುತ್ತವೆ. ಸೂರು ಹತ್ತು ಅಡಿಯಲ್ಲಿದೆ. ನಡುವಿನ ಮೂರು ಅಡಿಯಲ್ಲಿ ಬಿಸಿಗಾಳಿ ಸಿಕ್ಕಿಬಿದ್ದಿರುತ್ತದೆ. ಹಗಲೆಲ್ಲ ಬಿಸಿಲುಂಡ ಆರ್‌ಸಿಸಿ ತಾರಸಿ ರಾತ್ರಿ ಅದನ್ನು ಇನ್ನಷ್ಟು ಕಾಯಿಸುತ್ತದೆ, ಫ್ಯಾನು ಅದನ್ನೇ ನಮ್ಮ ಮೈಮೇಲೆ ತಳ್ಳುತ್ತದೆ. ಹಿಂದೆ ಆ ಎತ್ತರದಲ್ಲಿ ಒಂದು ವೆಂಟಿಲೇಟರ್ ಇರುತ್ತಿತ್ತು, ಹಗ್ಗ ಎಳೆದರೆ ತೆರೆಯುವಂಥದು. ನೋಟಕ್ಕೆ ಚೆನ್ನಾಗಿಲ್ಲವೆಂದು ಅದನ್ನು ಕೈಬಿಟ್ಟೆವು. ಇದು ನಾವು ಮಾಡಿದ ದೊಡ್ಡ ತಪ್ಪು ಎಂದೇ ನನ್ನ ನಂಬಿಕೆ. ಜೊತೆಗೆ ಬಂದ ಎರಡು ಕದದ ಸ್ಲೈಡಿಂಗ್ ಕಿಟಕಿ ಎಷ್ಟು ಎಳೆದರೂ ತೆರೆಯುವುದು ಅರ್ಧ ಮಾತ್ರ.

ಕೇಂದ್ರದ ಇಂಧನ ದಕ್ಷತಾ ಬ್ಯೂರೋದ 2018ರ ‘ಇಕೋ ನಿವಾಸ ಸಂಹಿತೆ’ ಲೆಕ್ಕಕ್ಕೆ ಹಿಡಿಯುವುದು ಗಾಜಿನ ಅಳತೆಯನ್ನಲ್ಲ, ನಿಜಕ್ಕೂ ತೆರೆಯುವ ಜಾಗವನ್ನು. ಬೆಂಗಳೂರಿನಂಥ ಹದವಾದ ಹವೆಗೆ ಕಾರ್ಪೆಟ್ ಏರಿಯಾದ ಶೇ 12.5 ತೆರೆಯುವಂತಿರಬೇಕು, 800 ಚದರಡಿಗೆ 100 ಚದರಡಿ. ಸೆಕೆಯ ಮಂಗಳೂರಿಗೆ ಇದು ಶೇ 16.66. ಅಲ್ಲಿ ರಾತ್ರಿಯೂ ಹವೆ ಅಷ್ಟು ತಣಿಯುವುದಿಲ್ಲ, ಬೆವರು ಆರಿಸುವ ಗಾಳಿ ಮೈಗೆ ತಾಗಬೇಕು.

ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ಮಾತ್ರ ಬೇರೆಯದೇ ಅದೃಷ್ಟವಿದೆ. ಏಪ್ರಿಲ್‌ನಲ್ಲಿ ಹಗಲು 34 ಡಿಗ್ರಿ ಮುಟ್ಟಿದರೂ ಬೆಳಗಿನ ಜಾವಕ್ಕೆ 22ರ ಆಸುಪಾಸಿಗೆ ಇಳಿಯುತ್ತದೆ. ಆ ತಂಪನ್ನು ರಾತ್ರಿ ಒಳಗೆ ಬಿಟ್ಟುಕೊಂಡು ಗೋಡೆ, ನೆಲಗಳಿಗೆ ಕುಡಿಸಬೇಕು. ಬಿಸಿಲೇರುವ ಮುನ್ನ ಕಿಟಕಿ ಮುಚ್ಚಿ ಪರದೆ ಎಳೆಯಬೇಕು. ನಾವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ: ನಡುಹಗಲು ತೆರೆದಿಟ್ಟು, ಸೊಳ್ಳೆಗೆ ಹೆದರಿ ಸಂಜೆ ಐದಕ್ಕೇ ಮುಚ್ಚಿ, ರಾತ್ರಿ ಎ.ಸಿ. ಹಾಕುತ್ತೇವೆ. ಒಂದೂವರೆ ಟನ್ನಿನ ಎ.ಸಿ. ಭರದಲ್ಲಿ ಓಡುವಾಗ ಹೆಚ್ಚುಕಡಿಮೆ ಇಪ್ಪತ್ತು ಸೀಲಿಂಗ್ ಫ್ಯಾನುಗಳ ವಿದ್ಯುತ್ ಎಳೆಯುತ್ತದೆ.

ಹೊಸದಾಗಿ ಕಟ್ಟುವವರು ಎದುರುಬದುರು ಗೋಡೆಗಳಲ್ಲಿ ಕಿಟಕಿಯಿಟ್ಟು, ಲಿಂಟಲ್ ಮೇಲೆ ವೆಂಟಿಲೇಟರ್ ಕೇಳಿ ಪಡೆಯಲಿ. ಕಟ್ಟಿ ಮುಗಿಸಿದವರ ಮನೆಯಲ್ಲೂ ಒಂದು ಬೆಳಕಿಂಡಿ ಅಡಗಿ ಕೂತಿರುತ್ತದೆ: ಮಹಡಿ ಮೆಟ್ಟಿಲು ಮುಗಿಯುವ ಹೆಡ್‌ರೂಮು. ನಮ್ಮಲ್ಲಿ ವರ್ಷಗಟ್ಟಲೆ ಬೀಗ ಬಿದ್ದಿದ್ದ ಅದರ ಕಿಟಕಿಗೆ ಗ್ರಿಲ್ಲು, ಸೊಳ್ಳೆಜಾಲರಿ ಹಾಕಿಸಿದೆವು. ರಾತ್ರಿ ಎಂಟಕ್ಕೆ ಅದನ್ನೂ ಕೆಳಗಿನ ಕಿಟಕಿಗಳನ್ನೂ ತೆರೆಯುತ್ತೇವೆ. ಮೊದಲ ದಿನ ಅಮ್ಮ ದೇವರ ಮುಂದಿನ ಊದುಬತ್ತಿಯನ್ನು ತಂದು ಕೆಳಗಿನ ಮೆಟ್ಟಿಲ ಬಳಿ ಹಿಡಿದರು. ಹೊಗೆ ಒಂದು ಕ್ಷಣ ನೆಟ್ಟಗೆ ನಿಂತು, ಮೆಲ್ಲನೆ ಬಾಗಿ, ಮೆಟ್ಟಿಲು ಹತ್ತತೊಡಗಿತು.