ಓದು-ಬರಹ ಕಲಿಸುವ ಶಿಕ್ಷಕರ ವೃತ್ತಿ ಬೆಳವಣಿಗೆ: ಗ್ರಾಮ ಪಂಚಾಯಿತಿಯ ಪಾತ್ರ

2021ರಲ್ಲಿ ಆರಂಭವಾದ ನಿಪುಣ್ ಭಾರತ್ ಅಭಿಯಾನವು, 2026-27ರೊಳಗೆ 3ನೇ ತರಗತಿ ಪೂರೈಸುವ ಪ್ರತಿ ಮಗುವೂ ಅರ್ಥವರಿತು ಓದಿ ಬರೆಯಬೇಕೆಂಬ ಗುರಿ ಹೊಂದಿದೆ. ಈ ಗುರಿಯ ಸಾಧನೆಯು ಮುಖ್ಯವಾಗಿ ಶಿಕ್ಷಕರ ಕೌಶಲವನ್ನು ಅವಲಂಬಿಸಿದೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲ್ಗೊಂಡ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ರ, ಗ, ಸ ಕಲಿತ ಕೂಡಲೇ ಮಗುವು ‘ಸರ’, ‘ಗರಗಸ’ ಎಂಬ ಪದಗಳನ್ನು ಓದಬಲ್ಲದು. ಆದರೆ ಒಂದೇ ಕೊಠಡಿಯಲ್ಲಿ ಒಂದು ಮಗು ಗುಣಿತಾಕ್ಷರದಲ್ಲಿ, ಇನ್ನೊಂದು ಒತ್ತಕ್ಷರದಲ್ಲಿ ಎಡವುತ್ತಿರುತ್ತದೆ. ಪ್ರತಿ ಮಗುವಿನ ತೊಡಕನ್ನು ಗುರುತಿಸಿ ಪರಿಹರಿಸುವ ಕೌಶಲವು ಒಮ್ಮೆ ಪಡೆದ ತರಬೇತಿಯಿಂದಷ್ಟೇ ಬರುವುದಿಲ್ಲ. ಸಹೋದ್ಯೋಗಿಗಳೊಡನೆ ನಿರಂತರ ಚರ್ಚೆಯೂ ಅಗತ್ಯ.

ಇದಕ್ಕಾಗಿ ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆಗಳು, ಡಯಟ್‌ನ ತರಬೇತಿಗಳು ಹಾಗೂ ದೀಕ್ಷಾ ಪೋರ್ಟಲ್‌ನ ಕಲಿಕಾ ಸಾಮಗ್ರಿಗಳು ಲಭ್ಯವಿವೆ. ಇವುಗಳ ಸದ್ಬಳಕೆಗೆ ಸದಸ್ಯರು ಈ ಕೆಳಕಂಡಂತೆ ನೆರವಾಗಬಹುದು:

1. ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೇ ಪ್ರಕರಣದಂತೆ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣಾ ಕರ್ತವ್ಯಗಳ ಹೊರತು ಶಿಕ್ಷಕರನ್ನು ಶಿಕ್ಷಣೇತರ ಕಾರ್ಯಕ್ಕೆ ನಿಯೋಜಿಸುವಂತಿಲ್ಲ. ಪಂಚಾಯಿತಿ ಕಾರ್ಯಕ್ರಮಗಳಿಗೂ ಶಾಲಾ ವೇಳೆಯಲ್ಲಿ ಅವರನ್ನು ಕರೆಯದಿರುವುದು. ಏಕೋಪಾಧ್ಯಾಯ ಶಾಲೆಯಲ್ಲಿ ಶಿಕ್ಷಕರು ಹೊರನಡೆದರೆ ಅಂದಿನ ಪಾಠವೇ ನಿಲ್ಲುತ್ತದೆ.

2. ಗ್ರಂಥಾಲಯಕ್ಕೆ ಪುಸ್ತಕ ಆಯ್ಕೆ ಮಾಡುವಾಗ ನಲಿ-ಕಲಿ ಶಿಕ್ಷಕರ ಸಲಹೆ ಪಡೆದು, ದೊಡ್ಡ ಅಕ್ಷರಗಳ ಸಚಿತ್ರ ಕಥಾಪುಸ್ತಕಗಳಿಗೆ ಆದ್ಯತೆ ನೀಡುವುದು.

3. ತರಗತಿಗೆ ಬೇಕಾದ ಸಾಮಗ್ರಿಗಳ ಬಗ್ಗೆ ಎಸ್‌ಡಿಎಂಸಿ ಸಭೆಯಲ್ಲಿ ಶಿಕ್ಷಕರಿಂದಲೇ ತಿಳಿದು, ಪಂಚಾಯಿತಿಯ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು.

ಶಾಲಾ ಕಟ್ಟಡಕ್ಕೆ ನೀಡುವ ಗಮನವನ್ನು ಶಿಕ್ಷಕರ ಕಲಿಕೆಗೂ ನೀಡಿದಲ್ಲಿ ಅದರ ಫಲ ಗ್ರಾಮದ ಮಕ್ಕಳಿಗೇ ದೊರೆಯುತ್ತದೆ.