ನೀರಿನ ತಂಪು, ನೆತ್ತಿಯ ಬಿಸಿಲು

ಬೇಸಿಗೆಯ ರಜೆ ಬಂದಿತೆಂದರೆ ಪೆದ್ದೆಮುಲ್ ಸುತ್ತಿನ ಹಳ್ಳಿಗಳ ಮಕ್ಕಳಿಗೆ ತೋಟದ ಬಾವಿಯೇ ಈಜುಕೊಳ. ಮಗು ಮುಳುಗೀತೆಂಬ ಭಯ ಹೆತ್ತವರಿಗೆ ಸಹಜ. ಆದುದರಿಂದಲೇ ಹಿರಿಯರೊಬ್ಬರನ್ನು ಜೊತೆಗೆ ಕಳುಹಿಸುತ್ತೇವೆ. ಆದರೆ ನೀರಿನ ಮೇಲೆ ಸುರಿಯುವ ಬಿಸಿಲನ್ನು ಕುರಿತು ಯೋಚಿಸುವವರು ವಿರಳ.

ಒಂದು ಬೇಸಿಗೆಯಲ್ಲಿ ನಮ್ಮ ಶಾಲೆಯ ಬಾಲಕನೊಬ್ಬನು ಮಧ್ಯಾಹ್ನವೆಲ್ಲ ಈಜಿ, ಸಂಜೆಗೆ ಬೆನ್ನುರಿ, ತಲೆನೋವು, ವಾಂತಿಗಳಿಂದ ಹಾಸಿಗೆ ಹಿಡಿದನು. “ನೀರಿನಲ್ಲಿದ್ದವನಿಗೆ ಬಿಸಿಲು ಹೇಗೆ ತಾಗಿತು ಗುರುಗಳೇ?” ಎಂದು ಅವನ ತಾಯಿ ನಮ್ಮನ್ನು ಕೇಳಿದರು.

ಬಿಸಿಲಿನಲ್ಲಿ ಕಾವಿನೊಡನೆ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳೂ ಇರುತ್ತವೆ. ನೀರು ಕಾವನ್ನು ಮರೆಸುತ್ತದೆ. ಕಿರಣಗಳನ್ನು ಪೂರ್ಣವಾಗಿ ತಡೆಯದು. ಅರ್ಧ ಮೀಟರ್ ಆಳದಲ್ಲಿಯೂ ಅವುಗಳ ತೀವ್ರತೆ ಮೇಲ್ಮೈಯ ಶೇಕಡಾ 40ರಷ್ಟು ಉಳಿದಿರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಕಪ್ಪು ಮೈಗೆ ಬಿಸಿಲು ತಾಗದೆಂಬ ಮಾತು ಅರ್ಧ ಸತ್ಯ. ಚರ್ಮ ಸ್ವಲ್ಪ ಹೆಚ್ಚು ತಾಳಿಕೊಂಡರೂ ಕಣ್ಣು ತಾಳದು. ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬರಲು ಈ ಕಿರಣಗಳೂ ಒಂದು ಕಾರಣ.

ನಮ್ಮ ಸೀಮೆ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಎರಡನೆಯ ವಾರದ ಸುಮಾರಿಗೆ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುವನು. ಬೇರೆ ಹೊತ್ತಿನಲ್ಲಿ ಬಾವಿಯ ಗೋಡೆ ಕೊಡುವ ನೆರಳೂ ಆಗ ಇರದು.

ಪಟ್ಟಣದ ಈಜುಕೊಳಗಳಲ್ಲಿಯೂ ಇದೇ ಕಥೆ. ಎಲೆ ಉದುರೀತು, ಬೇರು ಗೋಡೆಯನ್ನು ಸೀಳೀತು ಎಂದು ಅಲ್ಲಿ ಮರ ಬೆಳೆಸಲು ಹಿಂಜರಿಯುತ್ತಾರೆ. ಮನೆಯೊಳಗೆ ತಂಪಾಗಿರುವ ನಮ್ಮ ತಾಂಡೂರಿನ ಹಾಸುಗಲ್ಲು ಬಯಲಿನಲ್ಲಿ ಅಂಗಾಲನ್ನು ಸುಡುತ್ತದೆ. ನೀರಿಗೆ ತುಸು ದೂರದಲ್ಲಿ, ಪಶ್ಚಿಮದ ಕಡೆ ಬೇವನ್ನೋ ಹೊಂಗೆಯನ್ನೋ ನೆಟ್ಟರೆ ಸಂಜೆಯ ಬಿಸಿಲಿಗೆ ಮರೆಯಾದೀತು. ಮರ ಬೆಳೆಯುವವರೆಗೆ ಹಂದರ ಸಾಕು. ತೊಗರಿಯ ನಾಡಿನವರಾದ ನಮಗೆ ತೊಗರಿ ಕಟ್ಟಿಗೆಯ ಕೊರತೆಯೇ? ನಾಲ್ಕು ಕಂಬಗಳ ಮೇಲೆ ಅದನ್ನು ಒತ್ತಾಗಿ ಹೊದಿಸಿದರೆ ಈಜಿ ಬಂದ ಮಕ್ಕಳು ಕುಳಿತು ನೀರು ಕುಡಿಯಲು ನೆರಳಾಯಿತು.

ಗಡಿಯಾರವಿಲ್ಲದ ಮಗುವಿಗೂ ತಿಳಿಯುವ ಸೂತ್ರವೊಂದನ್ನು ನಾವು ಶಾಲೆಯಲ್ಲಿ ಕಲಿಸುತ್ತೇವೆ: ನಿನ್ನ ನೆರಳು ನಿನಗಿಂತ ಗಿಡ್ಡವಾದರೆ ನೀರು ಬಿಟ್ಟು ನೆರಳಿಗೆ ಬಾ, ಉದ್ದವಾದ ಮೇಲೆ ಮತ್ತೆ ಈಜು. ಆ ಬಾಲಕನು ಈಗ ತನ್ನ ತಮ್ಮನಿಗೆ ಈಜು ಕಲಿಸುತ್ತಿದ್ದಾನೆ. ಬಾವಿಗೆ ಇಳಿಯುವ ಮುನ್ನ ಅವರಿಬ್ಬರೂ ತಮ್ಮ ನೆರಳನ್ನು ಅಳೆದು ನೋಡುತ್ತಾರೆ.