ಹಳೆ ಕಾರಿನ ಹಿಡಿಕೆ: ಹೊಳಪಲ್ಲ, ಲೋಹ ನೋಡಿ

ಶಿರಸಿಯಿಂದ ಹುಬ್ಬಳ್ಳಿ, ಹಾವೇರಿ ಕಡೆಗೆ ಹೋಗುವ ದಾರಿಯ ಎಕ್ಕಂಬಿಯಲ್ಲಿ ಯಾರಾದರೂ ಹಳೆ ಅಂಬಾಸಿಡರ್ ಇಟ್ಟುಕೊಂಡಿದ್ದರೆ, ಅದರ ಬಾಗಿಲ ಹಿಡಿಕೆ ಮುರಿದ ದಿನ ಹುಡುಕಾಟ ಗುಜರಿಯಲ್ಲೇ ಶುರುವಾಗಬೇಕು. ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆ 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲಿಸಿತು. ಪ್ರೀಮಿಯರ್ ಪದ್ಮಿನಿಯ ಕಾಲ ಅದಕ್ಕೂ ಮೊದಲೇ ಮುಗಿದಿತ್ತು. ಗುಜರಿಯಲ್ಲಿ ‘ಇದು ಅಂಬಾಸಿಡರ್‌ದೇ’ ಎಂದು ಕೈಗಿಡುವ ತುಂಡನ್ನು ನಂಬುವುದು ಹೇಗೆ? ಆಕಾರವಾಗಲಿ ಹೊಳಪಾಗಲಿ ಸಾಕ್ಷಿಯಾಗುವುದಿಲ್ಲ. ಲೋಹ, ಥ್ರೆಡ್ ಮತ್ತು ಅಳತೆ ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಗುರುತು ಪಕ್ಕಾ. ಗುರುತು ಸಿಕ್ಕ ಮೇಲೂ ಎಲ್ಲ ಭಾಗಗಳಿಗೆ ಒಂದೇ ನಿಯಮ ಸಲ್ಲದು. ಕೈ ಹಿಡಿಯುವ ತುಂಡನ್ನು ಧಾರಾಳವಾಗಿ ಮರುಬಳಸಬಹುದು, ಬಾಗಿಲನ್ನು ಹಿಡಿದಿಡುವ ಲಾಕನ್ನು ಹಾಗೆ ಬಳಸಲಾಗದು.

ಮೊದಲು ಲೋಹ. ಕ್ರೋಮ್ ಹೊಳಪಿನ ಅಡಿಯಲ್ಲಿ ಹಿತ್ತಾಳೆ, ಉಕ್ಕು ಅಥವಾ ಸತುವಿನ ಎರಕ ಇರಬಹುದು. ಅಯಸ್ಕಾಂತ ಚೆನ್ನಾಗಿ ಅಂಟಿದರೆ ಉಕ್ಕು. ಅಂಟದಿದ್ದರೆ ಉಳಿದೆರಡರಲ್ಲಿ ಯಾವುದು? ಒಳಬದಿಯನ್ನು ಕೊಂಚ ಗೀರಿ ನೋಡುವ ಕ್ರಮ ಇದೆ, ಆದರೆ ಸತುವಿನ ಮೇಲೆ ಮೊದಲು ತಾಮ್ರ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್ ಲೇಪಿಸುವುದರಿಂದ ಮೇಲುಗೀರಿನಲ್ಲಿ ಕೆಂಬಣ್ಣ ಕಂಡು ಮೋಸಹೋಗಬಹುದು. ತಕ್ಕಡಿ ಸುಳ್ಳು ಹೇಳುವುದಿಲ್ಲ. ಸ್ಪ್ರಿಂಗ್, ಉಕ್ಕಿನ ಕಡ್ಡಿ ಬಿಚ್ಚಿದ ಹಿಡಿಕೆ 330 ಗ್ರಾಂ ಇದೆ ಎನ್ನಿ. ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ 50 ಗ್ರಾಂ ಕಡಿಮೆ ಬಂದರೆ ಸಾಂದ್ರತೆ 6.6, ಅಂದರೆ ಸತುವಿನ ಮಿಶ್ರಲೋಹ. 39 ಗ್ರಾಂ ಮಾತ್ರ ಕಡಿಮೆಯಾದರೆ ಸುಮಾರು 8.5, ಅದು ಹಿತ್ತಾಳೆ.

ಈ ವ್ಯತ್ಯಾಸದ ಮೇಲೆ ಮುಂದಿನ ಉಪಚಾರವೆಲ್ಲ ನಿಂತಿದೆ. ಹಿತ್ತಾಳೆ ತಂಬಿಗೆಗೆ ಹುಣಸೆಹುಳಿ ಹಚ್ಚಿ ಬೆಳಗುವ ಕೈ ಸತುವಿನ ಹಿಡಿಕೆಯನ್ನೂ ಹುಳಿಯಲ್ಲಿ ನೆನೆಹಾಕಿದರೆ ಕೆಟ್ಟಿತು. ಸತು ಆಮ್ಲದಲ್ಲೂ ಕರಗುತ್ತದೆ, ಕಾಸ್ಟಿಕ್ ಸೋಡಾದಲ್ಲೂ ಕರಗುತ್ತದೆ. ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ತೆಳು. ಅದರ ಮತ್ತು ನಿಕ್ಕಲ್ಲಿನ ಸೂಕ್ಷ್ಮ ಬಿರುಕುಗಳಿಂದ ಮಳೆಗಾಲದ ತೇವ ಇಳಿದರೆ ಒಳಗಿನ ಸತು ತಿಂದುಹೋಗಿ ಮೇಲೆ ಗುಳ್ಳೆ ಏಳುತ್ತದೆ. ಗುಳ್ಳೆ ಬಿದ್ದ ಹಿತ್ತಾಳೆಯನ್ನು ಉಜ್ಜಿ ಮತ್ತೆ ಲೇಪಿಸುವುದು ಸುಲಭ. ಸತುವಿನಲ್ಲಿ ಪ್ರತಿ ಗುಂಡಿಯನ್ನೂ ಸ್ವಚ್ಛ ಮಾಡಿ ತುಂಬಬೇಕು. ಇನ್ನೂ ಹಳೆಯ ಎರಕಗಳಲ್ಲಿ ಸೀಸದ ಕಲಬೆರಕೆಯಿಂದ ಲೋಹ ಒಳಗಿನಿಂದಲೇ ಉಬ್ಬಿ ಸೀಳುತ್ತಿತ್ತು. ಅತಿ ಶುದ್ಧ ಸತುವಿನ ‘ಜಮಾಕ್’ ಮಿಶ್ರಲೋಹವನ್ನು ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ತಂದದ್ದು ಈ ರೋಗ ತಪ್ಪಿಸಲೆಂದೇ. ಹಾಗೆ ಉಬ್ಬಿದ, ಜಾಲದಂತೆ ಬಿರುಕು ಬಿಟ್ಟ ತುಂಡಿಗೆ ಮದ್ದಿಲ್ಲ.

ಎರಡನೆಯ ಸಾಕ್ಷಿ ಥ್ರೆಡ್. ಅಂಬಾಸಿಡರ್‌ನ ಮೂಲ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಪದ್ಮಿನಿಯದು ಇಟಲಿಯ ಫಿಯೆಟ್ 1100ಡಿ. ಒಂದು ಇಂಚಿನ ಲೆಕ್ಕದ ಸಂತಾನ, ಇನ್ನೊಂದು ಮಿಲಿಮೀಟರಿನದು. ಕಾಲು ಇಂಚಿನ ಯುಎನ್‌ಎಫ್ ಬೋಲ್ಟಿನ ವ್ಯಾಸ 6.35 ಮಿ.ಮೀ., ಒಂದು ಇಂಚಿಗೆ 28 ಥ್ರೆಡ್. ಎಂ6 ಬೋಲ್ಟಿನ ವ್ಯಾಸ 6 ಮಿ.ಮೀ., ಥ್ರೆಡ್‌ಗಳ ಅಂತರ ಸರಿಯಾಗಿ 1 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಥ್ರೆಡ್ ಗೇಜ್ ಇಟ್ಟರೆ ಬೇರೆ ಬೇರೆ. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಬಲವಂತದಿಂದ ತಿರುಗಿಸಿದರೆ ಮೆತ್ತಗಿನ ಸತುವಿನ ಥ್ರೆಡ್ ಕಿತ್ತು ಹೋಗುತ್ತದೆ. ಥ್ರೆಡ್ ಹೊಂದಿತೆಂದರೆ ಮೂರನೆಯ ಸಾಕ್ಷಿ ಅಳತೆ: ಹಿಡಿಕೆಯ ಚೌಕ ಕಡ್ಡಿಯ ದಪ್ಪ, ಉದ್ದ, ಎರಡು ಬೋಲ್ಟುಗಳ ನಡುವಿನ ಅಂತರ, ಎಡ–ಬಲ ನೋಡಬೇಕು. ಐವತ್ತರ ದಶಕದ ಫಿಯೆಟ್ 1100ರಲ್ಲಿ ಮುಂಬಾಗಿಲಿನ ಬಿಜಾಗರಿ ಹಿಂದಿನ ಅಂಚಿನಲ್ಲಿತ್ತು, ಲಾಕ್ ಮುಂದಿನ ಅಂಚಿನಲ್ಲಿ. ಅದರ ಲಾಕ್ ಪದ್ಮಿನಿಯ ಅದೇ ಬದಿಯ ಬಾಗಿಲಿಗೆ ಸಲ್ಲುವುದಿಲ್ಲ, ಮನೆತನ ಒಂದೇ ಆದರೂ.

ಈಗ ಲಾಕಿನ ವಿಷಯ. ‘ಹಳೇ ಕಬ್ಬಿಣ ಗಟ್ಟಿ, ಈಗಿನದೆಲ್ಲ ತಗಡು’ ಎಂಬ ಆಕ್ಷೇಪ ಬಂದೇ ಬರುತ್ತದೆ. ತೂಕವಿದ್ದ ಮಾತ್ರಕ್ಕೆ ಹಿಡಿತ ಬರುವುದಿಲ್ಲ. ಅಪಘಾತದಲ್ಲಿ ಬಾಗಿಲು ತೆರೆದು ಜನ ಹೊರಗೆ ಎಸೆಯಲ್ಪಡುವುದನ್ನು ತಡೆಯಲು ಅಮೆರಿಕ 1968ರಿಂದ ಜಾರಿಗೆ ತಂದ ನಿಯಮದಲ್ಲಿ, ಪೂರ್ತಿ ಕೂತ ಲಾಕ್ ಉದ್ದದ ದಿಕ್ಕಿನಲ್ಲಿ ಸುಮಾರು 11,000 ನ್ಯೂಟನ್ ಎಳೆತ, ಅಂದರೆ ಒಂದು ಟನ್ನಿಗೂ ಮಿಕ್ಕಿದ ಭಾರ, ತಾಳಬೇಕು. ಅರ್ಧ ಕೂತ ಮೊದಲ ಹಂತಕ್ಕೆ ಅದರ ಅರ್ಧಕ್ಕಿಂತ ಕಡಿಮೆ. ಬಾಗಿಲು ಹಾಕುವಾಗ ಕೇಳುವ ಎರಡು ‘ಟಕ್’ ಇದೇ ಎರಡು ಹಂತ. ಸವೆದ ಹಲ್ಲಿನ ಲಾಕ್ ಮೊದಲ ಹಂತದಲ್ಲೇ ನಿಂತರೆ ಬಾಗಿಲು ಹಾಕಿದಂತೆ ಕಾಣುತ್ತದೆ, ಪೂರ್ತಿ ಹಿಡಿತ ಮಾತ್ರ ಇರುವುದಿಲ್ಲ. ‘ನಾವು ನಲವತ್ತರ ವೇಗದಲ್ಲಿ ಹೋಗುವವರು’ ಎಂಬ ಸಮಾಧಾನವೂ ನಿಲ್ಲದು: ಸೀಟ್ ಬೆಲ್ಟ್ ಇಲ್ಲದ ಹಳೆ ಕಾರಿನಲ್ಲಿ ದೇವಿಮನೆ ಘಟ್ಟದ ತಿರುವಿನಲ್ಲಿ ಒಳಗಿನವರನ್ನು ಕಾಯುವುದು ಬಾಗಿಲೇ. ಆದ್ದರಿಂದ ಲಾಕನ್ನು ಅದರ ಜೋಡಿ ಸ್ಟ್ರೈಕರ್ (ಚೌಕಟ್ಟಿನ ಮೇಲೆ ಲಾಕಿನ ಕೊಕ್ಕೆ ಹಿಡಿಯುವ ತುಂಡು) ಸಮೇತವೇ ಕೊಳ್ಳಬೇಕು. ಬಾಗಿಲು ತೆರೆದಿಟ್ಟು ಸ್ಕ್ರೂಡ್ರೈವರಿನಿಂದ ಕೊಕ್ಕೆ ಒತ್ತಿ ಎರಡೂ ‘ಟಕ್’ ಕೇಳಿಸಿಕೊಳ್ಳಬೇಕು. ಹಿಡಿಕೆ ಎಳೆಯದೆ ಅದು ಬಿಚ್ಚಿಕೊಂಡರೆ ಕಸಕ್ಕೆ. ಈ ಪರೀಕ್ಷೆ ಕೆಟ್ಟದ್ದನ್ನು ಹೊರಗಿಡುತ್ತದೆ, ಒಳ್ಳೆಯದರ ಬಲಕ್ಕೆ ಜಾಮೀನು ಕೊಡುವುದಿಲ್ಲ. ಅಪಘಾತಕ್ಕೀಡಾದ ಕಾರಿನ ಲಾಕ್, ಬೆಸುಗೆ ಹಾಕಿದ ಬಿಜಾಗರಿ ಎಷ್ಟು ಅಗ್ಗವಾದರೂ ಬೇಡ.

ಹೊಸ ನಕಲು ಭಾಗ ಸಿಗುವಾಗ ಈ ತಾಪತ್ರಯವೇಕೆ ಎಂದು ಕೇಳಬಹುದು. ಲಾಕಿನ ಮಟ್ಟಿಗೆ ಅಳತೆಗೆ ಕೂರುವ, ಗುಣಮಟ್ಟದ ಹೊಸದು ಸಿಕ್ಕರೆ ಅದನ್ನೇ ಹಾಕಿ. ಹಿಡಿಕೆ, ಗಾಜು ಏರಿಸುವ ಹ್ಯಾಂಡಲ್, ಬಿಲ್ಲೆಗಳಲ್ಲಿ ಮೂಲದ್ದಕ್ಕೆ ಬೆಲೆಯಿದೆ: 2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ವಿಂಟೇಜ್ ನೋಂದಣಿ ಸಿಗುತ್ತದೆ. ಕಾರಿಗೆ ಒಗ್ಗದ ಹಿಡಿಕೆ ಮನೆಯ ಕಪಾಟಿಗೂ ಆದೀತು, ಮಳೆ ಹೊಡೆಯುವ ಗೇಟಿಗೆ ಮಾತ್ರ ಸತುವಿನದು ಬೇಡ.

ಕಾರನ್ನು ಗುಜರಿಗೆ ಕೊಡುವವರಲ್ಲಿ ಒಂದು ಮನವಿ: ಹಿಡಿಕೆ, ಲಾಕ್, ಸ್ಟ್ರೈಕರ್, ಬೋಲ್ಟು ಒಂದೇ ಚೀಲದಲ್ಲಿ ಕಟ್ಟಿ, ಕಾರಿನ ಹೆಸರು, ಇಸವಿ, ಯಾವ ಬಾಗಿಲು ಎಂದು ಚೀಟಿ ಬರೆದಿಡಿ. ಕೊಳ್ಳುವವರು ತಕ್ಕಡಿ, ಅಯಸ್ಕಾಂತ, ಥ್ರೆಡ್ ಗೇಜ್ ಇಲ್ಲದೆ ದುಡ್ಡು ಬಿಚ್ಚಬೇಡಿ.